ಖಾಲಿ ಉಳಿದ ಮೂರನೆಯ ಸಾಲು

ಕೊಟ್ಟಿಗೆಯ ಅಟ್ಟದಲ್ಲಿ ಬೀಜ ಬಿತ್ತುವ ಹಳೆಯ ಕೂರಿಗೆಯ ಬಟ್ಟಲು ಸಿಕ್ಕಿತು. ಒಲೆಗೆ ಹಾಕಲೇ ಎಂದು ಸೊಸೆ ಕೇಳಿದಳು. ಕಸಿದುಕೊಂಡೆ. ಬೀಜ ಸುರಿದೂ ಸುರಿದೂ ನುಣುಪಾದ ಮರ, ತಳದಲ್ಲಿ ಮೂರು ತೂತು… ಒಂದರಲ್ಲಿ ಬೆರಳಿಟ್ಟೆ, ಕಾಕಾ ನೆನಪಾದರು.

ಕಾಕಾ ನಮ್ಮ ಪಕ್ಕದ ಮನೆಯ ಸಾಬರು. ಕುರುಗೋಡು ಸೀಮೆಯಲ್ಲಿ ಬಿತ್ತನೆಗೆ ಅವರ ಕೈಯೇ ಆಗಬೇಕಿತ್ತು. ಕೈಗುಣ ಒಳ್ಳೆಯದೆಂದು ಸಿರಿಗೇರಿಯವರೂ ಬಂಡಿ ಕಳಿಸಿ ಕರೆಸುತ್ತಿದ್ದರು. ಅವರಿಗಿದ್ದ ಆಸ್ತಿ ಆ ಹೆಸರೊಂದೇ.

ದೊಡ್ಡ ಬರ ಕಳೆದು ಕೆಲವು ವರ್ಷವಾಗಿತ್ತು. ಕರಿಕೆ ಹುಲ್ಲು ಹಬ್ಬಿ ಹಾಳುಬಿದ್ದಿದ್ದ ಊರೊಟ್ಟಿನ ಹೊಲವನ್ನು ಗೌಡರು ಹೊಲವಿಲ್ಲದ ನಮ್ಮಂಥ ಎಂಟು ಹುಡುಗರಿಗೆ ಒಪ್ಪಿಸಿದರು. ಒಟ್ಟಿಗೆ ದುಡಿದು ಹಿಂಗಾರಿ ಜೋಳ ಎಬ್ಬಿಸಿದರೆ ಸಾಗುವಳಿ ನಮ್ಮದು, ಹುಡುಗಾಟ ಮಾಡಿದರೆ ವಾಪಸ್ಸು. ಕಲಿಸಲು ಕಾಕಾ ತಾವಾಗಿ ಬಂದರು.

ಅಬ್ಬಾ, ಆ ಬೇಸಿಗೆ! ಎರೆ ಹೊಲವನ್ನು ಹಾರೆಯಿಂದ ಮೀಟಿ, ಹೆಂಟೆ ಒಡೆದು, ಕರಿಕೆಯ ಬೇರು ಆರಿಸಿ ಸುಡುವುದೇ ಕೆಲಸ. ಕೈ ಕೆಸರಾದರೆ ಬಾಯಿ ಮೊಸರಂತೆ. ನಮಗೆ ನೀರು ಮಜ್ಜಿಗೆ ಸಿಕ್ಕರೆ ಹೆಚ್ಚು. ಮಳೆಗಾಲವೆಲ್ಲ ಕಳೆ ಏಳದಂತೆ ಕುಂಟೆ ಹೊಡೆದೆವು. ಉತ್ತರಿ ಮಳೆಗೆ ನೆಲ ಹದವಾಗುವ ಹೊತ್ತಿಗೆ ನನ್ನ ಮೈಯಲ್ಲಿ ಏನೂ ಉಳಿದಿರಲಿಲ್ಲ.

ಬಿತ್ತುವಾಗ ಕಾಕಾ ಹೊಲದ ಅಂಚಿಗೆ ಬಂದಾಗಲೆಲ್ಲ ಕೂರಿಗೆ ಎತ್ತಿಸಿ ಬಟ್ಟಲಿನಿಂದ ಬೀಜ ನೆಲಕ್ಕಿಳಿಯುವ ಮೂರೂ ಕೊಳವೆಗೆ ಬೇವಿನ ಕಡ್ಡಿ ಹಾಕಿ ನೋಡುತ್ತಿದ್ದರು. ಹಸಿ ಎರೆ ಮಣ್ಣು ಕೊಳವೆಯ ಬಾಯಿ ಮುಚ್ಚಿದರೆ ಬೀಜ ಇಳಿಯುವುದಿಲ್ಲ. ಮಧ್ಯಾಹ್ನ ನಮಾಜಿಗೆ ಹೋಗುವಾಗ ಬಟ್ಟಲನ್ನು ನನ್ನ ಕೈಗೆ ಕೊಟ್ಟರು.

"ಲೇ, ತಿರುಗಿದಾಗೊಮ್ಮೆ ಕಡ್ಡಿ ಹಾಕು. ಮರೀಬ್ಯಾಡ."

ಮರೆಯಲಿಲ್ಲ. ಬಗ್ಗಲು ಬೇಸರವಾಯಿತು, ಅಷ್ಟೆ.

ಮೊಳಕೆ ಬಂದಾಗ ಗೊತ್ತಾಯಿತು. ನಾನು ಬಿತ್ತಿದಷ್ಟೂ ಎರಡು ಸಾಲು ಹಸಿರು, ಮೂರನೆಯದು ಬರೀ ಕಪ್ಪು ಮಣ್ಣು. ಕಾಕಾ ಹೊಲದುದ್ದಕ್ಕೂ ನಡೆದು ನೋಡಿದರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು…

ಸೀಗೆ ಹುಣ್ಣಿಮೆಗೆ ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲುವ ದಿನ ಗೌಡರು ಹೊಲಕ್ಕೆ ಬಂದರು. ಖಾಲಿ ಸಾಲು ನೋಡಿ, ಇದು ಯಾವ ಹುಡುಗನ ಕೈ ಎಂದು ಕೇಳಿದರು. ಉಳಿದ ಏಳು ಮಂದಿಯ ಹೊಲವೂ ನನ್ನಿಂದಲೇ ಹೋಗುವುದರಲ್ಲಿತ್ತು.

"ಹುಡುಗರದು ತಪ್ಪಿಲ್ರಿ, ಗೌಡ್ರ," ಎಂದರು ಕಾಕಾ. "ಕೈ ನಂದ ಐತಿ. ಕಣ್ಣು ಮಂಜಾಗ್ಯಾವ, ಕೊಳವಿ ಮುಚ್ಚಿದ್ದು ಕಾಣಲಿಲ್ಲ."

ಹೊಲ ನಮಗೆ ಉಳಿಯಿತು. ಮರುವರ್ಷದಿಂದ ಕಾಕಾನ ಬಾಗಿಲಿಗೆ ಬಂಡಿ ಬರುವುದು ನಿಂತಿತು. ಬಿತ್ತನೆಯ ದಿನಗಳಲ್ಲಿ ಅವರು ಕಟ್ಟೆಯ ಮೇಲೆ ಕೂತು, ಹೋಗುವ ಕೂರಿಗೆಗಳನ್ನು ನೋಡುತ್ತಿದ್ದರು. ತಡೆಯಲಾರದೆ ಒಮ್ಮೆ, ಗೌಡರಿಗೆ ನಿಜ ಹೇಳಿಬಿಡುತ್ತೇನೆ ಎಂದೆ.

"ಸುಮ್ನಿರಲೇ. ಇನ್ನ ದುಡಿಯೋರು ನೀವು," ಎಂದರು.

ಸುಮ್ಮನಾದೆ. ಹಾಗೆ ಅನ್ನಲಿ ಎಂದೇ ಹೋಗಿದ್ದೆನೇನೋ, ಅದೂ ಈಗ ಅನುಮಾನ.

ಕಾಕಾ ಹೋಗಿ ಎಷ್ಟೋ ವರ್ಷವಾಯಿತು, ಗೌಡರೂ ಹೋದರು. ಬಟ್ಟಲನ್ನು ಒರೆಸಿ ಗೂಡಿನಲ್ಲಿಟ್ಟಿದ್ದೇನೆ. ಸೊಸೆ ಉಣ್ಣಲು ಕರೆಯುತ್ತಿದ್ದಾಳೆ. ಇವತ್ತೂ ಅದೇ ಹೊಲದ ಜೋಳದ ರೊಟ್ಟಿ.