ಕೆಂಪು ಕೊಕ್ಕೆ

ನನ್ನ ಗಾಡಿ ರಿಪೇರಿ ಅಂಗಡಿಯ ಬಾಗಿಲಲ್ಲಿ ಒಂದು ಕೆಂಪು ಕೊಕ್ಕೆ ನೇತಾಡುತ್ತಿದೆ. ಪಿಕಪ್ಪಿನ ಮುಂಭಾಗದಲ್ಲಿರುವಂಥದ್ದು, ಗಾಡಿ ಮರಳಿನಲ್ಲಿ ಹೂತರೆ ಹಗ್ಗ ಕಟ್ಟಿ ಎಳೆಯುವುದಕ್ಕೆ. ಬಂದವರು ಒಮ್ಮೆ ಉಗುರಿನಿಂದ ತಟ್ಟಿ ನೋಡಲಿ ಎಂದೇ ತೂಗುಹಾಕಿದ್ದೇನೆ. ತಟ್ಟಿದರೆ ಟೊಕ್ ಎನ್ನುತ್ತದೆ, ಮಕ್ಕಳ ಆಟದ ಬಕೆಟ್ಟಿನ ಹಾಗೆ. ಅದನ್ನು ಮಾಡಿದವನನ್ನೂ ಮಾರಿದವನನ್ನೂ ಒಂದೇ ಹಗ್ಗಕ್ಕೆ ಕಟ್ಟಿ ಎಳೆಯಬೇಕು ಎಂದು ನನಗೆ ದಿನಕ್ಕೊಮ್ಮೆಯಾದರೂ ಅನ್ನಿಸುತ್ತದೆ.

ಕೊಕ್ಕೆಯ ಕತೆ ಎಂದರೆ ವರ್ಲಾ ಆಕ್ಸ್‌ಬರೋಳ ಕತೆ. ವರ್ಲಾ ನೆವಾಡಾದ ಮರುಭೂಮಿಯಲ್ಲಿರುವ ನಮ್ಮೂರು ಸಾಲ್ಟ್ ಫೋರ್ಕಿನಲ್ಲಿ ಮೂವತ್ತೊಂದು ವರ್ಷ ಅಂಚೆ ಹಂಚಿದವಳು. ದಿನಕ್ಕೆ ನೂರ ಹತ್ತು ಮೈಲಿ ಜಲ್ಲಿ ರಸ್ತೆ, ಗಾಡಿ ಅವಳದ್ದೇ. ನಮ್ಮ ಕಡೆಯ ಗಾಡಿಗಳಿಗೆ ಸ್ಟಿಯರಿಂಗ್ ಎಡಕ್ಕಿದ್ದರೂ ಪೆಟ್ಟಿಗೆಗಳು ಕೈಗೆಟುಕಲೆಂದು ಬಲಗಡೆಯ ಸೀಟಿನಲ್ಲಿ ಕೂತು, ಎಡಗಾಲು ಚಾಚಿ ಬ್ರೇಕು ಒತ್ತುತ್ತ, ಎಡಗೈಯಲ್ಲಿ ಸ್ಟಿಯರಿಂಗ್ ಹಿಡಿದು, ಬಲಗೈಯಲ್ಲಿ ರಸ್ತೆ ಬದಿಯ ಪೆಟ್ಟಿಗೆಗಳಿಗೆ ಕಾಗದ ತುರುಕುತ್ತ ಆರು ಹಳೆಯ ಕಾರುಗಳನ್ನು ಸವೆಸಿದಳು. ಸೊಂಟ ಇವತ್ತಿಗೂ ಒಂದು ಕಡೆಗೆ ವಾಲಿದೆ. ಯಾರದಾದರೂ ಪೆಟ್ಟಿಗೆಯಲ್ಲಿ ಎರಡು ದಿನದ ಕಾಗದ ಹಾಗೇ ಉಳಿದಿದ್ದರೆ ಇಳಿದು ಹೋಗಿ ಬಾಗಿಲು ಬಡಿಯುವಳು. ನನ್ನಪ್ಪ ಬಚ್ಚಲಲ್ಲಿ ಜಾರಿ ಬಿದ್ದು ಬದುಕಿ ಉಳಿದದ್ದು ಹಾಗೆ.

ಅವಳ ದಾರಿಯ ಇಪ್ಪತ್ತೆಂಟನೇ ಮೈಲಿಯಲ್ಲಿ ರಸ್ತೆ ಕವಲಾಗುತ್ತದೆ. ಎಡಕ್ಕೆ ದನದ ಫಾರ್ಮುಗಳು, ಅಂಚೆ ಪೆಟ್ಟಿಗೆಗಳು. ಬಲಕ್ಕೆ ಒಣ ಹಳ್ಳದ ಮರಳು, ಆಮೇಲೆ ಗುಡ್ಡ, ಗುಡ್ಡದಾಚೆ ಒಂದು ಕಣಿವೆ. ಅಲ್ಲಿ ಯಾರೂ ಇಲ್ಲ, ಆದ್ದರಿಂದ ಅಂಚೆಯೂ ಇಲ್ಲ.

ನಿವೃತ್ತಳಾದ ವಾರ ನನ್ನ ಅಂಗಡಿಗೆ ಬಂದವಳು ಹೇಳಿದಳು, “ಮೂವತ್ತೊಂದು ವರ್ಷ ಎಡಕ್ಕೇ ತಿರುಗಿದೀನಿ ಕಣೋ ಡೆಲ್ಮರ್. ಒಂದ್ಸಲ ಬಲಕ್ಕೆ ತಿರುಗ್ಬೇಕು.”

“ಆ ಕಣಿವೇಲಿ ಏನಿದೆ ಅಂತ?”

“ಅದು ಗೊತ್ತಿದ್ರೆ ಯಾಕೋ ಹೋಗ್ಲಿ?”

ಹಾಗಾಗಿ ಅರವತ್ತಮೂರನೇ ವಯಸ್ಸಿನಲ್ಲಿ ವರ್ಲಾ ಜೀವನದಲ್ಲಿ ಮೊದಲ ಸಲ ಹೊಸ ಗಾಡಿ ಕೊಂಡಳು. ಬಿಳಿ ಪಿಕಪ್. ನನ್ನ ಹತ್ತಿರ ಬಂದಿದ್ದರೆ ಆಗುತ್ತಿತ್ತು. ಆದರೆ ಹೊಸ ಗಾಡಿಗೆ ಹೊಸ ಅಂಗಡಿಯೇ ಇರಲಿ ಎಂದು ನಗರಕ್ಕೆ ಹೋಗಿ, ಗಾಜಿನ ಗೋಡೆಯ ಅಂಗಡಿಯೊಂದರಲ್ಲಿ ‘ಮರುಭೂಮಿ ಪ್ಯಾಕೇಜ್’ ಹಾಕಿಸಿಕೊಂಡು ಬಂದಳು.

ಗಾಡಿ ನನ್ನ ಅಂಗಳಕ್ಕೆ ಬಂದಾಗ ಮದುವಣಗಿತ್ತಿಯ ಹಾಗಿತ್ತು. ತಲೆಯ ಮೇಲೆ ಸಾಲು ದೀಪ, ಬಾಗಿಲಿಗೆ ಬೆಟ್ಟದ ಚಿತ್ರ, ಮುಂದೆ ಎರಡು ಕೆಂಪು ಕೊಕ್ಕೆ. ಬಾನೆಟ್ಟಿನ ಪಕ್ಕದಲ್ಲಿ ಕಪ್ಪು ಕೊಳವೆ, ಧೂಳಿನ ಮೇಲಿಂದ ಎಂಜಿನ್ನಿಗೆ ಗಾಳಿ ಎಳೆಯುವುದಕ್ಕಂತೆ. ಬಾಯಿಗೆ ಬೆರಳು ಹಾಕಿದೆ, ಎರಡಂಗುಲಕ್ಕೇ ಮುಚ್ಚಿಕೊಂಡಿತ್ತು. ಕೆಳಗೆ ಬಗ್ಗಿ ನೋಡಿದರೆ ಸ್ಟೆಪ್ನಿ ಇಲ್ಲ. ಅದರ ಜಾಗದಲ್ಲಿ ಐಸ್ ಪೆಟ್ಟಿಗೆಯ ಬ್ಯಾಟರಿ ಕೂರಿಸಿದ್ದರು. ಎದ್ದು ಬಂದು ಸ್ಪ್ಯಾನರಿನಿಂದ ಕೊಕ್ಕೆಗೆ ತಟ್ಟಿದೆ. ಟೊಕ್. ಪ್ಲಾಸ್ಟಿಕ್. ಮೇಲೆ ಥಳಕು, ಒಳಗೆ ಹುಳುಕು.

ನನಗೆ ಅಡಿಯಿಂದ ಮುಡಿಯವರೆಗೆ ಉರಿಯಿತು. ಅಲ್ಲೇ ಆ ಅಂಗಡಿಗೆ ಫೋನ್ ಹಚ್ಚಿದೆ. ಕೈಯೆಲ್ಲ ಗ್ರೀಸಾಗಿದ್ದರಿಂದ ಸ್ಪೀಕರ್ ಹಾಕಿದ್ದೆ.

“ಅದು ಅಂದಕ್ಕೆ ಸರ್. ಪುಸ್ತಕದಲ್ಲಿ ಸಣ್ಣಕ್ಷರದಲ್ಲಿ ಬರ್ದಿದೀವಲ್ಲ,” ಎಂದ ಮಾರಾಟದವನು, ನಯವಾಗಿ.

“ಮರಳಲ್ಲಿ ಹೂತ್ಕೊಂಡ್ರೆ ಅಂದ ಎಳ್ಕೊಂಡು ಬರತ್ತೇನಯ್ಯಾ?”

“ಸರ್, ನಿಜ ಹೇಳ್ಲಾ? ನೂರಕ್ಕೆ ತೊಂಬತ್ತು ಗಾಡಿ ಟಾರು ಬಿಟ್ಟು ಇಳಿಯೋದೇ ಇಲ್ಲ. ಆಮೇಲೆ ಆ ಅಜ್ಜಿ. ಪಾಪ, ಚರ್ಚಿಗೆ ಹೋಗ್ತಾರೆ, ದಿನಸಿ ತರ್ತಾರೆ. ಇನ್ನೆಲ್ಲಿಗೆ ಹೋಗ್ತಾರೆ ಹೇಳಿ.”

ವರ್ಲಾ ಪಕ್ಕದಲ್ಲೇ ನಿಂತಿದ್ದಳು. ಮುಖ ಕೆಂಪಾಯಿತು. ನಾನು ಬಾಯಿಗೆ ಬಂದದ್ದನ್ನೆಲ್ಲ ಆಡಿ ಫೋನ್ ಇಟ್ಟೆ. ಆಡಿದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಅವಳು ಮಾತ್ರ ಗಾಡಿಯ ಸುತ್ತ ಒಂದು ಸುತ್ತು ಬಂದಳು.

“ಅವ್ನು ಟೋಪಿ ಹಾಕಿದ್ದಕ್ಕೆ ಬೇಜಾರಿಲ್ಲ,” ಎಂದಳು ಕೊನೆಗೆ. “ನಾನು ಎಲ್ಲಿಗೂ ಹೋಗಲ್ಲ ಅಂತ ಅವ್ನೇ ತೀರ್ಮಾನ ಮಾಡ್ಬಿಟ್ನಲ್ಲ. ಕಿತ್ತಾಕು ಎಲ್ಲಾನೂ.”

ಅವಳು ಹಳೆಯ ಲಕೋಟೆಯ ಹಿಂದೆ ಪಟ್ಟಿ ಬರೆದು ಕೊಟ್ಟಳು. ಮೂರು ದಿನ ಅದರದ್ದೇ ಕೆಲಸ. ಗಾಡಿಯ ಅಡಿ ಚೌಕಟ್ಟಿಗೆ ಉಕ್ಕಿನ ಪಟ್ಟಿ ಕೊಟ್ಟು ನಿಜವಾದ ಕೊಕ್ಕೆ ಬಿಗಿದೆ. ಎಂಜಿನ್ನಿನ ಹೊಟ್ಟೆಗೆ ಕಲ್ಲು ತಾಗದಂತೆ ದಪ್ಪ ತಗಡು ಕಟ್ಟಿದೆ. ಸ್ಟೆಪ್ನಿ ಒಂದಲ್ಲ, ಎರಡು. ನೀರಿನ ಕ್ಯಾನುಗಳನ್ನು ತಲೆಯ ಮೇಲಿಡದೆ ಡ್ರೈವರ್ ಬೆನ್ನಿಗೆ ಹತ್ತಿರ, ತಗ್ಗಿನಲ್ಲಿ ಕಟ್ಟಿದೆ. ಸಲಿಕೆ, ಹಲಗೆ, ಜ್ಯಾಕು, ಟಯರಿಗೆ ಗಾಳಿ ತುಂಬುವ ಪಂಪು. ಮರಳಿಗೆ ಇಳಿಯುವಾಗ ಟಯರಿನ ಗಾಳಿ ಅರ್ಧಕ್ಕಿಳಿಸಬೇಕು ಎಂದು ಹೇಳಲು ಹೋದೆ.

“ನಂಗೆ ಹೇಳ್ಕೊಡ್ತೀಯಾ? ನಿನ್ ಅಪ್ಪನಿಗೆ ಕಲಿಸ್ದೋಳೇ ನಾನು,” ಎಂದಳು.

ಮರುಭೂಮಿಗೆ ಹೋಗುವವರು ದಾರಿ ಯಾವುದು, ವಾಪಸು ಎಷ್ಟು ಹೊತ್ತಿಗೆ ಎಂದು ಬರೆದು ಒಬ್ಬರ ಕೈಗೆ ಕೊಟ್ಟು ಹೋಗುವುದು ನಮ್ಮಲ್ಲಿ ರೂಢಿ. ಹೊತ್ತು ಮೀರಿದರೆ ಚೀಟಿ ಹಿಡಿದವನು ಊಟ ಅರ್ಧಕ್ಕಿದ್ದರೂ ಹೊರಡಬೇಕು. ವರ್ಲಾಳ ಚೀಟಿ ನನ್ನ ಕೈಗೆ ಬಂತು: ಬಲಗಡೆಯ ಕವಲು, ಕಣಿವೆ, ಶನಿವಾರ ಸಂಜೆ ನಾಲ್ಕು.

ನಾಲ್ಕಾಯಿತು. ಅವಳು ಬರಲಿಲ್ಲ. ಮೂವತ್ತೊಂದು ವರ್ಷದಲ್ಲಿ ಹತ್ತು ನಿಮಿಷ ತಡ ಮಾಡದ ಹೆಂಗಸು. ನಾಲ್ಕೂ ಐದಕ್ಕೆ ನಾನು ಗಾಡಿ ಹತ್ತಿದೆ. ನನ್ನ ಕೈ ಕೆಲಸದಲ್ಲೇ ಏನೋ ತಪ್ಪಿರಬೇಕು ಎಂದು ದಾರಿಯುದ್ದಕ್ಕೂ ಒಂದೊಂದೇ ಬೋಲ್ಟನ್ನು ಮನಸ್ಸಿನಲ್ಲೇ ಬಿಗಿಯುತ್ತ ಹೋದೆ.

ಕವಲಿನಲ್ಲಿ ಅವಳು ಕಂಡಳು. ತಲೆಯಿಂದ ಕಾಲಿನವರೆಗೆ ಮಣ್ಣು, ಅಂಗೈ ತುಂಬ ಬೊಕ್ಕೆ. ಅವಳ ಪಿಕಪ್ಪಿನ ಹಿಂದೆ ಸರಪಳಿ ಕಟ್ಟಿದ ಇನ್ನೊಂದು ಬಿಳಿ ಪಿಕಪ್. ಬಾಗಿಲಿಗೆ ಅದೇ ಬೆಟ್ಟದ ಚಿತ್ರ. ಒಳಗೆ ಎಳೆಯ ದಂಪತಿ, ನಾಲ್ಕು ವರ್ಷದ ಮಗಳು. ಹಿಂದಿನ ದಿನ ಸಂಜೆಯಿಂದ ಹಳ್ಳದ ಮರಳಿನಲ್ಲಿ ಹೂತು, ಟಯರು ಸೀಳಿ, ಎಂಜಿನ್ ಕೆಟ್ಟು, ಬೆಳಗ್ಗೆಯೇ ನೀರು ಮುಗಿದು ಕೂತಿದ್ದವರು. ಆ ಗಂಡ ಹಗ್ಗ ಸುತ್ತಿ ಎಳೆಯುವ ಕೈರಾಟೆಯನ್ನು ಬಂಡೆಗೆ ಬಿಗಿದು ಕೆಂಪು ಕೊಕ್ಕೆಯಿಂದ ಗಾಡಿ ಎಳೆಯಲು ನೋಡಿದ್ದ. ಕೊಕ್ಕೆ ಕಿತ್ತು ಹಾರಿ ಅವನ ಹಣೆ ಸೀಳಿತ್ತು. ಎರಡು ಬೆರಳು ಕೆಳಗೆ ಬಿದ್ದಿದ್ದರೆ ಕಣ್ಣೇ ಹೋಗುತ್ತಿತ್ತು. ಗಾಯಕ್ಕೆ ವರ್ಲಾಳ ತಲೆವಸ್ತ್ರ ಕಟ್ಟಿತ್ತು.

“ಗಟ್ಟಿ ಇದೆ ಅಂದಿದ್ರು ಸರ್,” ಎಂದ ಆ ಹುಡುಗ, ಮುರಿದ ಕೊಕ್ಕೆಯನ್ನು ನನ್ನ ಕೈಗಿಟ್ಟು.

ಟಾರು ಬಿಟ್ಟು ಯಾರೂ ಇಳಿಯುವುದಿಲ್ಲವಂತೆ. ಈ ಮಗು ಯಾರು ಹಾಗಾದರೆ?

ವರ್ಲಾ ಬೆಳಗಿನಿಂದ ಅವರಿಗಾಗಿ ಅಗೆದಿದ್ದಳು. ಅವಳ ಒಂದು ಸ್ಟೆಪ್ನಿ ಅವರ ಗಾಡಿಗೆ, ನೀರೆಲ್ಲ ಅವರ ಹೊಟ್ಟೆಗೆ. ಕಣಿವೆ ಅವಳಿಗೆ ಕಂಡಿರಲಿಲ್ಲ. ಆ ಪ್ಲಾಸ್ಟಿಕ್ಕು ಅವಳ ಗಾಡಿಯಲ್ಲಿಲ್ಲದಿದ್ದರೂ ಅವಳ ದಿನವನ್ನು ನುಂಗಿತ್ತು.

“ಇವ್ರನ್ನ ನಾನು ಕರ್ಕೊಂಡು ಹೋಗ್ತೀನಿ. ನೀನು ಹಿಂದೆ ಬಾ,” ಎಂದೆ. “ಇನ್ನೊಂದಿನ ಹೋದ್ರಾಯ್ತು.”

ಅವಳು ನನ್ನ ಗಾಡಿಯಲ್ಲಿದ್ದ ನೀರಿನ ಕ್ಯಾನುಗಳನ್ನೆಲ್ಲ ತನ್ನದಕ್ಕೆ ಸಾಗಿಸಿದಳು. ಸರಪಳಿ ಬಿಚ್ಚಿ ನನ್ನ ಗಾಡಿಗೆ ಹಾಕಿದಳು. ಆಮೇಲೆ ಕೈಚಾಚಿದಳು.

“ಚೀಟಿ ಕೊಡು.”

ಕೊಟ್ಟೆ. ಶನಿವಾರವನ್ನು ಹೊಡೆದುಹಾಕಿ ಭಾನುವಾರ ಎಂದು ಬರೆದು ನನ್ನ ಜೇಬಿಗೆ ತುರುಕಿದಳು, ಪೆಟ್ಟಿಗೆಗೆ ಕಾಗದ ಹಾಕುವ ಹಾಗೆ.

ಹತ್ತು ಮೈಲಿ ಸುತ್ತಮುತ್ತ ನಮ್ಮನ್ನು ಬಿಟ್ಟು ನರಪಿಳ್ಳೆಯೂ ಇರಲಿಲ್ಲ. ಆದರೂ ಹೊರಡುವ ಮುಂಚೆ ವರ್ಲಾ ಬಲಗಡೆಯ ಇಂಡಿಕೇಟರ್ ಹಾಕಿದಳು.