ಕಾಶವ್ವನ ಹೊಸ್ತಿಲ ಹುಣ್ಣಿಮೆ

ಶೆಟ್ಟೆಪ್ಪನಂಥ ಗಂಡಸರ ಬಗ್ಗೆ ನಾಲ್ಕು ಒಳ್ಳೆಯ ಮಾತು ಹೇಳುವವರು ಮುಂಬಯಿಯ ನಮ್ಮ ಮಲಾಡಿನ ಚಾಳಿನಲ್ಲಿ ಆಗಲೂ ಇದ್ದರು, ಈಗಲೂ ಇದ್ದಾರೆ. ನಾನು ಅವರ ಪೈಕಿ ಅಲ್ಲ. ನಾನು ಹೇಳಹೊರಟಿರುವುದು ಅವನ ಹೆಂಡತಿ ಕಾಶವ್ವನ ಬಗ್ಗೆ. ಅವಳ ಮಾತು ತೆಗೆದರೆ ಅವನ ಹೆಸರು ಬಂದೇ ಬರುತ್ತದಲ್ಲ, ಅದಕ್ಕೇ ಮೊದಲೇ ನನಗೆ ಸಿಟ್ಟು.

ಕಾಶವ್ವ ನಮ್ಮ ಪಕ್ಕದ ಖೋಲಿಯವಳು, ವಿಜಾಪುರದ ಕಡೆಯವಳು. ಬೆಳಕು ಹರಿಯುವ ಮೊದಲೇ ಅವಳ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಶುರುವಾಗುತ್ತಿತ್ತು. ಫೋರ್ಟಿನ ಬ್ಯಾಂಕು, ಕಚೇರಿಗಳಲ್ಲಿ ದುಡಿಯುವ ನಮ್ಮ ಕಡೆಯ ಒಂಟಿ ಗಂಡಸರಿಗೆ ಅವಳೇ ಡಬ್ಬಿ ಕಟ್ಟಿ ಕಳಿಸುತ್ತಿದ್ದಳು. ಹೋಟೆಲಿನ ಇಡ್ಲಿ ತಿಂದು ತಿಂದು ಬೇಸತ್ತವರು ಅವಳ ಜೋಳದ ರೊಟ್ಟಿ, ಝುಣಕ, ಶೇಂಗಾ ಹಿಂಡಿಗೆ ಬಾಯಿ ಬಿಡುತ್ತಿದ್ದರು. ಖೋಲಿಯ ಬಾಡಿಗೆ ಅವಳದು, ಒಲೆ ಅವಳದು, ಮೈ ಬೆವರೂ ಅವಳದು. ಗಂಡ ಮಾತ್ರ ದಹಿಸರದ ಕಲ್ಲಿನ ಖಣಿಯಲ್ಲಿ ಆಳುಗಳ ಮೇಲಿನ ಮುಕಾದಮನಾಗಿ, ಚಂಪಾ ಎಂಬವಳ ಜೊತೆ ಅಲ್ಲಿಯೇ ಒಂದು ಜೋಪಡಿಯಲ್ಲಿದ್ದ.

ಹಾಳಾಗಿ ಹೋಗಲಿ ಅನ್ನಬಹುದಿತ್ತು. ಆದರೆ ಆಸಾಮಿ ಮನಸ್ಸು ಬಂದ ಭಾನುವಾರ ಲೋಕಲ್ ಹತ್ತಿ ಬಂದುಬಿಡುತ್ತಿದ್ದ. ಕಾಶವ್ವನ ಮಂಚದ ಮೇಲೆ ಕಾಲು ಚಾಚಿ, ಬಿಸಿ ರೊಟ್ಟಿ ಉಂಡು, ಉಪ್ಪು ಕಡಿಮೆ ಎಂದು ತಾಟು ಎಸೆದು, ಸಂಜೆಗೆ ಹೊರಟುಹೋಗುತ್ತಿದ್ದ. ಒಮ್ಮೆ ಅವಳು ಬಾಗಿಲು ತೆರೆಯಲಿಲ್ಲ. ಆಗ ನಮ್ಮ ಕಡೆಯವರಿಗೆಲ್ಲ ಹಿರಿಯ ಎನಿಸಿಕೊಂಡ ಮುರಿಗೆಪ್ಪ ಮೇಲಿನ ಮಾಳಿಗೆಯಿಂದ ಇಳಿದು ಬಂದು ಬುದ್ಧಿ ಹೇಳಿದ.

"ಕೈಯಾಗ ಹಸರ ಬಳಿ ಅದಾವು, ಹಣಿ ಮ್ಯಾಲ ಕುಂಕುಮ ಐತಿ. ಮುತ್ತೈದಿ ನೀ. ಗಂಡನ್ನ ಹೊರಗ ನಿಂದ್ರಸ್ತಿ ಏನವಾ?"

ಕಾಶವ್ವ ಬಾಗಿಲು ತೆರೆದಳು. ನನಗೆ ಮೈಯೆಲ್ಲ ಉರಿದುಹೋಯಿತು.

ಐವತ್ತಾರರ ದೀಪಾವಳಿ ಮುಗಿದ ಮೇಲೆ ಶೆಟ್ಟೆಪ್ಪ ಹೊಸ ಸುದ್ದಿ ತಂದ. ಖಣಿಯವರು ಜೋಪಡಿ ಕೆಡವುತ್ತಾರಂತೆ. ತಾನೂ ಚಂಪಾಳೂ ಈ ಖೋಲಿಗೇ ಬಂದು ಇರುತ್ತಾರಂತೆ. ಕಾಶವ್ವ ಒಲೆಯ ಪಕ್ಕ ಮಲಗಬೇಕಂತೆ. ಕೇಳಲಿಲ್ಲ, ಹೇಳಿದ ಅಷ್ಟೇ. ಆಗ ತಾನೇ ನಮ್ಮ ಬೆಳಗಾವಿ, ಧಾರವಾಡ, ವಿಜಾಪುರಗಳು ಮುಂಬಯಿ ರಾಜ್ಯ ಬಿಟ್ಟು ಮೈಸೂರಿಗೆ ಸೇರಿದ್ದವು. ಚಾಳಿನ ಗಂಡಸರಿಗೆ ದಿನಾ ಸಂಜೆ ಅದೇ ಚರ್ಚೆ. ಯಾವ ತಾಲೂಕು ಯಾರಿಗೆ ಸೇರಬೇಕು ಎಂದು ಗಂಟಲು ಹರಿದುಕೊಳ್ಳುವವರಿಗೆ, ಪಕ್ಕದ ಬಾಗಿಲಿನ ಖೋಲಿ ಯಾರದು ಎಂದು ಹೇಳಲು ಬಾಯಿ ಬರಲಿಲ್ಲ.

"ಎಲ್ಲಮ್ಮನ ಗುಡ್ಡಕ್ಕ ಹೋಗಿ ಬರ್ತೀನಿ, ಹೊಸ್ತಿಲ ಹುಣ್ಣಿಮಿಗೆ. ನೀನೂ ಬಾ ತಂಗಿ" ಎಂದಳು ಒಂದು ದಿನ ಕಾಶವ್ವ.

ಹೊಸ್ತಿಲ ಹುಣ್ಣಿಮೆ ಬರುವುದು ಚಳಿಗಾಲದಲ್ಲಿ. ಅಂದು ಏಳುಕೊಳ್ಳದ ಎಲ್ಲಮ್ಮ ತಾಯಿ ಗಂಡನನ್ನು ಕಳೆದುಕೊಳ್ಳುತ್ತಾಳೆ. ಅವಳ ಸೇವೆಗೆ ನಿಂತ ಜೋಗವ್ವಂದಿರು ಅವಳ ಜೊತೆ ತಾವೂ ಬಳೆ ಒಡೆದುಕೊಳ್ಳುತ್ತಾರೆ. ಎರಡು ತಿಂಗಳ ಮೇಲೆ, ಭಾರತ ಹುಣ್ಣಿಮೆಗೆ, ದೇವಿ ಮತ್ತೆ ಮುತ್ತೈದೆಯಾಗುತ್ತಾಳೆ. ಇವರೂ ಹಸಿರು ಬಳೆ ಇಟ್ಟುಕೊಳ್ಳುತ್ತಾರೆ. ಧಾರವಾಡದಲ್ಲಿ ಹುಟ್ಟಿಯೂ ನಾನು ಅದನ್ನು ಕಂಡಿರಲಿಲ್ಲ. ನಮ್ಮ ಯಜಮಾನರು ಮುಖ ಊದಿಸಿಕೊಂಡರು. ನಾನು ನೋಡಿಯೂ ನೋಡದವಳಂತೆ ಬಟ್ಟೆ ಗಂಟು ಕಟ್ಟಿದೆ.

ಕರೆದೊಯ್ದವಳು ರಾಚವ್ವ ಎಂಬ ಮುದುಕಿ ಜೋಗವ್ವ, ಪರಳದ ಗಿರಣಿ ಚಾಳಿನವಳು. ಬೋರಿಬಂದರಿನಿಂದ ಪುಣೆ, ಅಲ್ಲಿ ಸಣ್ಣ ಗಾಡಿ ಹತ್ತಿ ಧಾರವಾಡ, ಅಲ್ಲಿಂದ ಮೋಟಾರಿನಲ್ಲಿ ಸವದತ್ತಿ. ರೈಲಿನ ಡಬ್ಬಿ ತುಂಬ ನಮ್ಮ ಕಡೆಯ ಹೆಣ್ಣುಮಕ್ಕಳೇ, ಭಂಡಾರದ ಅರಿಶಿನ ಎಲ್ಲರ ಸೀರೆಗೂ ಮೆತ್ತಿತ್ತು. ರಾಚವ್ವ ಹಾಡುತ್ತಿದ್ದಳು, ಉಳಿದವರು ದನಿ ಕೂಡಿಸುತ್ತಿದ್ದರು. ಕಾಶವ್ವ ಮಾತ್ರ ಕಿಟಕಿಗೆ ಹಣೆ ಆನಿಸಿ ಕೂತುಬಿಟ್ಟಿದ್ದಳು.

ಗುಡ್ಡದ ಚಳಿ ಮುಂಬಯಿಯವರಿಗೆ ಗೊತ್ತಿಲ್ಲದ ಚಳಿ. ಕೊಳ್ಳದ ತುಂಬ ಎತ್ತಿನ ಗಾಡಿಗಳು, ಮೂರು ಕಲ್ಲು ಹೂಡಿದ ಒಲೆಗಳು, ಹೊಗೆಯೂ ಮಂಜೂ ಕಲಸಿಹೋಗಿ ಪಕ್ಕದವರು ಕಾಣದಂತಾಗಿತ್ತು. ಹೊಂಡದಲ್ಲಿ ಮುಳುಗೆದ್ದು ಒದ್ದೆ ಸೀರೆಯಲ್ಲೇ ನಡುಗುತ್ತ ಹೆಂಗಸರು "ಉಧೋ ಉಧೋ" ಎನ್ನುತ್ತ ಬರುತ್ತಿದ್ದರು. ಆಮೇಲೆ ಬಳೆ ಒಡೆಯುವ ಹೊತ್ತಾಯಿತು. ಹಾಡು ನಿಂತು ಅಳು ಎದ್ದಿತು. ತಮ್ಮ ಮನೆಯಲ್ಲೇ ಸಾವಾದಂತೆ ಜೋಗವ್ವಂದಿರು ಎದೆ ಬಡಿದುಕೊಂಡು ಅತ್ತರು. ರಾಚವ್ವ ಕಲ್ಲಿನ ಮುಂದೆ ಕೂತು ತನ್ನ ಗುಂಪಿನವರ ಬಳೆ ಒಡೆಯುತ್ತಿದ್ದಳು. ನನ್ನಂಥ ಸಂಸಾರಸ್ಥರು ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು ದೂರ ನಿಂತಿದ್ದೆವು.

ಕಾಶವ್ವ ನನ್ನ ಪಕ್ಕದಿಂದ ಹೋಗಿ ಆ ಸಾಲಿನಲ್ಲಿ ಕೂತಳು. ಎರಡೂ ಕೈ ಚಾಚಿದಳು.

ರಾಚವ್ವ ಬೆಚ್ಚಿದಳು. "ಹುಚ್ಚಿ ಏನ ನೀ? ನೀ ಜೋಗವ್ವ ಅಲ್ಲ. ನಿನ್ನ ಗಂಡ ಜೀವಂತ ಅದಾನ!"

"ಅವ್ವಗ ಇಲ್ಲದ ಬಳಿ ನನಗ ಯಾಕ? ಒಡಿ."

"ಯವ್ವಾ, ಅಪಶಕುನ ಆಡಬ್ಯಾಡ."

"ನೀ ಒಡಿತಿಯೋ, ನಾ ಒಡಕೊಳ್ಳಲೋ?" ಎಂದವಳೇ ಮುದುಕಿಯ ಉತ್ತರಕ್ಕೂ ಕಾಯದೆ ಕೈಗಳನ್ನು ಕಲ್ಲಿಗೆ ಅಪ್ಪಳಿಸಿದಳು. ಮಣಿಕಟ್ಟಿನಿಂದ ರಕ್ತ ಹರಿಯಿತು. ಅವಳು ಅಳಲಿಲ್ಲ, ಹಲ್ಲು ಕಚ್ಚಿದ್ದಳು. ಇಷ್ಟು ವರ್ಷದ ಸಿಟ್ಟು ಒಂದೇ ಏಟಿಗೆ ಹೊರಬಂದದ್ದನ್ನು ಕಂಡು ನನಗೆ ಹೆದರಿಕೆಯೂ ಆಯಿತು, ಖುಷಿಯೂ ಆಯಿತು.

ಮಲಾಡ್ ಸ್ಟೇಷನ್ನಿನಿಂದ ನಾವು ಚಾಳಿಗೆ ನಡೆದು ಬಂದಾಗ ನಲ್ಲಿಯ ಹತ್ತಿರ ನೀರು ಹಿಡಿಯುತ್ತಿದ್ದ ಗಂಗೂಬಾಯಿ ಕಾಶವ್ವನ ಬೋಳು ಕೈ ನೋಡಿ ಕೊಡ ಕೆಳಗೆ ಬಿಟ್ಟಳು. "ಅಯ್ಯಯ್ಯ, ಶೆಟ್ಟೆಪ್ಪ ಹೋದ್ನ!" ಎಂದು ಒಮ್ಮೆ ಕಿರುಚಿದ್ದೇ ಸಾಕಾಯಿತು. ಕಾಶವ್ವ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಸಾವಿನ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ, ನೆರೆಯವರೇ ಬುತ್ತಿ ಒಯ್ಯಬೇಕು; ನಮ್ಮ ಕಡೆಯ ಪದ್ಧತಿ. ಮುರಿಗೆಪ್ಪ ನಾಲ್ಕು ಜನರನ್ನು ಕಟ್ಟಿಕೊಂಡು, ರೊಟ್ಟಿ ಬುತ್ತಿ ಹೊತ್ತು, ಮುಖ ಸಣ್ಣ ಮಾಡಿಕೊಂಡು ದಹಿಸರಕ್ಕೆ ಓಡಿದ. ಹೋಗಿ ನೋಡಿದರೆ ಸತ್ತವನು ಜೋಪಡಿಯ ಮುಂದೆ ಕೂತು ಬೀಡಿ ಸೇದುತ್ತಿದ್ದ. ವಿಷಯ ಕೇಳಿ ಕೆಂಡವಾದ. ಆದರೂ ಬುತ್ತಿ ಬಿಡಲಿಲ್ಲ, ತನ್ನ ಸಾವಿನ ಊಟವನ್ನು ತಾನೇ ಉಂಡ.

ಉಂಡು ನೇರ ಚಾಳಿಗೆ ಬಂದು ಬಾಗಿಲಿಗೆ ಒದ್ದ. "ನಾ ಸತ್ತೀನೇನ? ಕಣ್ಣ ಬಿಟ್ಟ ನೋಡ!"

ಕಾಶವ್ವ ಹೊಸ್ತಿಲಲ್ಲಿ ಅಡ್ಡ ನಿಂತಳು. "ಅವ್ವನ ಸಂಗಡ ಒಡಕೊಂಡೀನಿ. ಅವ್ವ ಗಂಡ ಸತ್ತ ರಂಡಿ ಇರೂತನಾ ನಾನೂ ರಂಡಿ. ರಂಡಿ ಮನ್ಯಾಗ ಗಂಡ ಎಲ್ಲಿಂದ ಬರ್ತಾನ? ಹೇಳ್ರಿ ಮುರಿಗೆಪ್ಪಣ್ಣಾರ."

ದೇವಿಯ ಹೆಸರು ಬಂದಾಗ ಮುರಿಗೆಪ್ಪ ಅಳುಕಿದ. ಭಾರತ ಹುಣ್ಣಿಮೆಯವರೆಗೆ ತಡೆ ಎಂದು ಶೆಟ್ಟೆಪ್ಪನನ್ನು ಸಾಗಹಾಕಿದ. ಬೋಳು ಕೈಯ ರೊಟ್ಟಿ ಬೇಡವೆಂದು ಕೆಲವರು ಡಬ್ಬಿ ನಿಲ್ಲಿಸಿದರು. ಅವರ ಮಡಿ ಹೆಚ್ಚು ದಿನ ಬಾಳಲಿಲ್ಲ, ನಾಚಿಕೆಗೆಟ್ಟು ಮತ್ತೆ ಬಂದರು. ಹೊಟ್ಟೆಯ ಮುಂದೆ ಇವರ ಶಾಸ್ತ್ರವೆಲ್ಲ ಅಷ್ಟೇ.

ಭಾರತ ಹುಣ್ಣಿಮೆಯ ಬೆಳಗ್ಗೆ ಬಳೆಗಾರನನ್ನು ಕರೆತಂದವನೂ ಮುರಿಗೆಪ್ಪನೇ. ಶೆಟ್ಟೆಪ್ಪ ತಲೆಗೆ ಹೊಸ ಪಟಗ ಸುತ್ತಿ ಟ್ರಂಕು ತಂದು ಬಾಗಿಲಲ್ಲೇ ಇಟ್ಟಿದ್ದ. ಚಂಪಾ ಕೆಳಗೆ ನಲ್ಲಿಯ ಹತ್ತಿರ ಮುದುಡಿ ನಿಂತಿದ್ದಳು. ಕಾಶವ್ವ ತಲೆಸ್ನಾನ ಮಾಡಿ ಹೋಳಿಗೆ ಬೇಯಿಸಿದ್ದಳು. ಸೋತಳು ಎಂದುಕೊಂಡು ನಾನು ಒಳಗೊಳಗೇ ಕುದಿಯುತ್ತಿದ್ದೆ.

ಅವಳು ಕೆಳಗಿಳಿದು ಹೋಗಿ ಚಂಪಾಳ ಕೈ ಹಿಡಿದು ಕರೆತಂದು ಮಣೆಯ ಮೇಲೆ ಕೂರಿಸಿದಳು. "ಈಕಿಗೆ ಇಡಸಪಾ" ಎಂದಳು ಬಳೆಗಾರನಿಗೆ. ಕೈತುಂಬ ಹಸಿರು ಬಳೆ ಇಡಿಸಿ, ಹಣೆಗೆ ಕುಂಕುಮ ಹಚ್ಚಿ, ಅಕ್ಕಿ, ಕೊಬ್ಬರಿ, ಕುಪ್ಪಸದ ಖಣ ಹಾಕಿ ಉಡಿ ತುಂಬಿದಳು. ಚಂಪಾ ಮಂಗಳೂರಿನ ಕಡೆಯವಳು. "ನನಗೆ ಇಷ್ಟರವರೆಗೆ ಯಾರೂ ಬಳೆ ಇಡಿಸಲಿಲ್ಲ ಅಕ್ಕಾ" ಎಂದಳು.

"ಭೇಷ್! ಇನ್ನ ಇಬ್ಬರೂ ಅಕ್ಕತಂಗೇರ ಹಂಗ ಇರ್ರಿ" ಎಂದ ಮುರಿಗೆಪ್ಪ. ಶೆಟ್ಟೆಪ್ಪ ಮೀಸೆಯಲ್ಲೇ ನಕ್ಕ. ಬಳೆಗಾರ ಕಾಶವ್ವನ ಕಡೆ ತಿರುಗಿದ.

ಅವಳು ಕೈ ಹಿಂದಕ್ಕೆಳೆದುಕೊಂಡಳು. "ನನಗ ಬ್ಯಾಡ."

"ಇವತ್ತ ಅವ್ವನೂ ಮುತ್ತೈದಿ ಆದ್ಳು!" ಮುರಿಗೆಪ್ಪ ಗದರಿದ.

"ಅವ್ವನ ಗಂಡ ಅವ್ವಗ ಹೊಳ್ಳಿ ಬಂದ, ಆಕಿ ಇಟಗೊಂಡ್ಳು. ಇಂವ ಈಕಿ ಗಂಡ. ನಿಮ್ಮ ಕಣ್ಣಮುಂದ ಮುತ್ತೈದಿ ಮಾಡಿ ಉಡಿ ತುಂಬೀನಿ. ಇನ್ನ ಅಂವ ನನ್ನ ಖೋಲ್ಯಾಗ ಕಾಲಿಟ್ಟರ, ಪರರ ಗಂಡನ್ನ ಮನಿಗೆ ಸೇರಿಸಿಕೊಂಡ ಪಾಪ ನನಗ ಬರತೈತಿ. ಆ ಪಾಪ ನಾ ಮಾಡಲ್ಯಾ, ಅಣ್ಣಾರ?"

ಗ್ಯಾಲರಿಯಲ್ಲಿ ನಿಂತಿದ್ದ ಜನರೆಲ್ಲ ಮುರಿಗೆಪ್ಪನ ಕಡೆ ತಿರುಗಿದರು.

"ನಾ ಜೀವಂತ ಇರೂತನಾ ನೀ ಹೆಂಗ..." ಶೆಟ್ಟೆಪ್ಪ ಕೈ ಎತ್ತಿಕೊಂಡು ಬಂದ.

"ನೂರ ವರ್ಷ ಇರು. ಈಕಿ ಬಳಿ ಗಟ್ಟಿ ಇರಲಿ" ಎಂದು ಕಾಶವ್ವ ಟ್ರಂಕನ್ನು ಕಾಲಿಂದ ಆಚೆ ನೂಕಿ ಬಾಗಿಲು ಹಾಕಿಕೊಂಡಳು.

ಶೆಟ್ಟೆಪ್ಪ ಬಾಯಿಗೆ ಬಂದದ್ದು ಬೈಯುತ್ತ, ಕೈ ಬೀಸಿಕೊಂಡು ಮೆಟ್ಟಿಲಿಳಿದ. ಉಡಿ ತುಂಬಿಸಿಕೊಂಡ ಚಂಪಾ ಹೊಸ ಬಳೆಯ ಕೈಗಳಲ್ಲಿ ಟ್ರಂಕು ಎತ್ತಿ ತಲೆಯ ಮೇಲಿಟ್ಟುಕೊಂಡಳು. ಹೋಗುವ ಮುಂಚೆ ಆ ಮುಚ್ಚಿದ ಬಾಗಿಲನ್ನು ಒಮ್ಮೆ ನೋಡಿದಳು. ಹೊಟ್ಟೆಕಿಚ್ಚಿನಿಂದಲೇ ನೋಡಿದಳು.