ಎಡಗಡೆಯ ಹೂವು

ರಘು, ಅವತ್ತು ಎಡಗಡೆಯ ಹೂವನ್ನು ಹಿಡಿದಿಟ್ಟದ್ದು ದೇವರಲ್ಲ, ನಾನು. ಗಂಧ ದಪ್ಪಗೆ ಬಳಿದು, ಬೆರಳಿನಿಂದ ಒತ್ತಿ ಅಂಟಿಸಿದ್ದೆ.

ಎರಡು ಸಾವಿರದ ಇಸವಿಯ ಆಸುಪಾಸು. ನನ್ನ ಗಂಡ, ನನ್ನ ತಮ್ಮನಾದ ನೀನು — ಇಬ್ಬರೂ ಕೂಡಿ ಕಲಬುರಗಿಯ ಸೂಪರ್ ಮಾರ್ಕೆಟ್ ಹಿಂದೆ ಕಂಪ್ಯೂಟರ್ ಸೆಂಟರ್ ನಡೆಸುತ್ತಿದ್ದಿರಿ. ಕಾಲೇಜುಗಳ ಫಲಿತಾಂಶವನ್ನು ಇಂಟರ್ನೆಟ್ಟಿನಲ್ಲಿ ತೋರಿಸುವ ಕೆಲಸ ಸಿಕ್ಕಿತ್ತು. ವೆಬ್‌ಸೈಟನ್ನು ಯಾವ ಕಂಪ್ಯೂಟರ್ ಭಾಷೆಯಲ್ಲಿ ಬರೆಯಬೇಕು ಎಂಬುದಕ್ಕೇ ಜಗಳ. ನನ್ನ ಗಂಡನಿಗೆ ಬರುತ್ತಿದ್ದದ್ದು ಪರ್ಲ್. ನೀನು ಪಿಎಚ್‌ಪಿ ಎನ್ನುತ್ತಿದ್ದೆ.

"ಭಾವಾರ, ನೀವು ಪರ್ಲಿನಾಗ ಮಾಡೋ ರೀತಿ ಅಂದ್ರ, ಬಂದ ಒಬ್ಬೊಬ್ಬರಿಗೂ ಹೊಸಾ ಒಲಿ ಹಚ್ಚಿ ಅಡಗಿ ಮಾಡಿದಂಗ. ಪಿಎಚ್‌ಪಿಗೆ ಒಲಿ ಮೊದಲೇ ಉರಿಯಾಕತ್ತಿರ್ತದ. ಸಾವಿರ ಮಂದಿ ಒಮ್ಮೆಲೇ ಬಂದ್ರ ಏನ್ ಮಾಡ್ತೀರಿ?"

"ಮೊನ್ನಿ ಮೌಸ್ ಹಿಡಿದಾಂವ ನನಗ ಅಡಗಿ ಕಲಿಸ್ತೀಯೇನ್ಲೇ?"

ಅವರು ಕೀಬೋರ್ಡನ್ನು ಗೋಡೆಗೆ ಅಪ್ಪಳಿಸಿದರು. ಅದರ ಗುಂಡಿಗಳು ಸಿಡಿದು ನನ್ನ ಕಾಲ ಬಳಿ ಬಿದ್ದವು.

ತೀರದ ಮಾತಿಗೆ ನಮ್ಮಲ್ಲಿ ಒಂದೇ ದಾರಿ — ಕಮಲಾಪುರದ ತವರಿನಲ್ಲಿ ಹಣಮಪ್ಪನಿಗೆ ಹೂವು ಕೇಳುವುದು. ಮೂರ್ತಿಯ ಎರಡು ಭುಜಕ್ಕೂ ಗಂಧದಿಂದ ಅಂಟಿಸಿದ ಒಂದೊಂದು ಹೂವು. ಮೊದಲು ಬಿದ್ದದ್ದೇ ಅಪ್ಪಣೆ. ಬಲಗಡೆಯದು ಅವರದು, ಎಡಗಡೆಯದು ನಿನ್ನದು. ಇಡುವವಳು ನಾನು.

ನಿನ್ನ ಒಲೆಯ ಮಾತೇ ಸರಿ ಎಂದು ನನಗೆ ತಿಳಿದಿತ್ತು, ರಘು. ಪಂಕ್ತಿಗೆ ಅಡುಗೆ ಮಾಡಿದವಳಿಗೆ ಅದು ತಿಳಿಯದೇ ಇರುತ್ತದೆಯೇ? ಆದರೂ — ಸೋತು ಮನೆಗೆ ಬಂದರೆ ಅವರ ಕೈ ಯಾರ ಮೇಲೆ ಬೀಳುತ್ತದೆ ಎಂದೂ ತಿಳಿದಿತ್ತು. ಅದನ್ನು ನೆಪ ಮಾಡುವುದಿಲ್ಲ. ನನ್ನ ಬೆನ್ನು ಉಳಿಸಿಕೊಳ್ಳಲು ದೇವರ ಬಾಯಿ ಕಟ್ಟಿದೆ.

ಬಲಗಡೆಯ ಹೂವು ಬಿತ್ತು. ನೀನು ಕೈಮುಗಿದು, ಮರುಮಾತಿಲ್ಲದೆ ಪರ್ಲಿನಲ್ಲೇ ಬರೆಯಲು ಕುಳಿತೆ.

ಫಲಿತಾಂಶದ ದಿನ ನಾನು ಬುತ್ತಿ ತಂದಾಗ, ಸಾವಿರಾರು ಮಂದಿ ಒಮ್ಮೆಲೇ ನೋಡಹೋಗಿ ಸೈಟು ಸತ್ತು ಬಿದ್ದಿತ್ತು. ಹೊರಗೆ ಹುಡುಗರು, ತಂದೆಯರು, ಒಂದೇ ನೂಕಾಟ. "ರೊಕ್ಕ ತಿಂದು ರಿಸಲ್ಟ್ ಮುಚ್ಚಿಟ್ಟಾರ! ಹಾಕ್ರಿ ಅವರಿಗೆ!" ಕಲ್ಲು ತೂರಿ ಬಂದವು. ಮಾನಿಟರುಗಳು ಒಡೆದವು. ನನ್ನ ಗಂಡ ಹಿಂಬಾಗಿಲಿನಿಂದ ಓಡಿದರು. ಮಷೀನು ಉಳಿಸಲು ನೀನು ಶಟರ್ ಎಳೆಯಹೋದೆ. ಕೂದಲು ಹಿಡಿದು ಕೆಡವಿದರು, ರಾಡಿನಿಂದ ಹೊಡೆದರು. ನಿನ್ನ ಬಲಗೈಯನ್ನು ಹೊಸ್ತಿಲ ಮೇಲೆ ತುಳಿದು ಹಿಡಿದು, ಶಟರನ್ನು ಅದರ ಮೇಲೇ ಕುಟ್ಟಿದರು — ಮತ್ತೆ ಎತ್ತಿ, ಮತ್ತೆ ಕುಟ್ಟಿದರು. ಎಲುಬು ಮುರಿದ ಸಪ್ಪಳ ನನಗೆ ಕೇಳಿಸಿತು. ಚೆಲ್ಲಿದ ಅನ್ನ ಕೆಂಪಾಯಿತು.

ಜೀವ ಉಳಿಯಿತು, ಕಣ್ಣು ಉಳಿದವು, ಎಡಗೈ ಉಳಿಯಿತು — ದಿನಾ ದೀಪ ಹಚ್ಚಿ ಎಣಿಸುತ್ತೇನೆ. ಎಣಿಕೆ ನಿನ್ನ ಹೋದ ಬೆರಳುಗಳ ಹತ್ತಿರ ಬಂದು ನಿಲ್ಲುತ್ತದೆ.

ಆಸ್ಪತ್ರೆಯಲ್ಲಿ ನೀನೇ ನನ್ನನ್ನು ಸಮಾಧಾನ ಮಾಡಿದೆ. "ಭಾವಾರಿಗೆ ಏನೂ ಅನಬ್ಯಾಡ ಅಕ್ಕಾ. ದೇವರೇ ಅಪ್ಪಣಿ ಕೊಟ್ಟಿದ್ದ."

ನಾನು ಚಮಚದಿಂದ ನಿನಗೆ ಗಂಜಿ ಕುಡಿಸಿದೆ.

ಈಗ ಕಮಲಾಪುರದಲ್ಲಿ ಕೆಂಪು ಬಾಳೆಯ ತೋಟ ನೋಡಿಕೊಂಡಿದ್ದೀ. ಹಳೆಯ ಗೆಳೆಯನೊಬ್ಬ ಮತ್ತೆ ಕಂಪ್ಯೂಟರ್ ಕೆಲಸಕ್ಕೆ ಕರೆದಿದ್ದಾನೆ. ಹೋಗಲೋ ಬೇಡವೋ ಎಂದು ನಾಳೆ ಹೂವು ಕೇಳುತ್ತೀಯಂತೆ. "ನೀನೇ ಬಂದು ಇಡು ಅಕ್ಕಾ, ನಿನ್ನ ಕೈ ಸುಳ್ಳು ಹೇಳಂಗಿಲ್ಲ" ಎಂದು ನೀನೇ ಫೋನಿನಲ್ಲಿ ಹೇಳಿದೆ.

ಬರುತ್ತೇನೆ. ಗಂಧ ತೇಯುವ ಮೊದಲೇ ಇದಿಷ್ಟನ್ನೂ ನಿನ್ನ ಮುಖ ನೋಡಿ ಹೇಳುತ್ತೇನೆ. ನನ್ನನ್ನು ಹೊರಗೆ ನೂಕಿದರೆ ನೂಕು. ಹೂವನ್ನು ಮಾತ್ರ ನೀನೇ ಇಡು — ಎಡಗೈಯಿಂದಲೇ ಇಡು.